ತಕ್ಕಡಿಗೆ ಕಾಣದ ನಡಿಗೆ

ಪ್ರಶ್ನೆ: ನನಗೆ 46 ವರ್ಷ, ತೂಕ 84 ಕೆಜಿ. ನಾಲ್ಕು ತಿಂಗಳಿಂದ ವಾರಕ್ಕೆ ಐದು ದಿನ, ಮುಕ್ಕಾಲು ಗಂಟೆ ಬಿರುಸಾಗಿ ನಡೆಯುತ್ತಿದ್ದೇನೆ. ಇಳಿದದ್ದು ಒಂದೂವರೆ ಕೆಜಿ ಅಷ್ಟೆ. ಕರುಳಿನ ಬ್ಯಾಕ್ಟೀರಿಯಾ ಸರಿಯಿಲ್ಲದಿದ್ದರೆ ಎಷ್ಟು ನಡೆದರೂ ಪ್ರಯೋಜನವಿಲ್ಲ ಎಂದು ಮಗಳು ಹೇಳುತ್ತಾಳೆ. ನಿಜವೇ? ನಡಿಗೆಯಿಂದ ಅವು ಬದಲಾಗುತ್ತವೆಯೇ?
– ಓದುಗರೊಬ್ಬರು, ಹಾಸನ

ಉತ್ತರ: ದಯವಿಟ್ಟು ನಡಿಗೆ ನಿಲ್ಲಿಸಬೇಡಿ. ಇದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ.

ಬ್ಯಾಕ್ಟೀರಿಯಾ ಬದಲಾಗುತ್ತವೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನ ನಿಮ್ಮ ಪ್ರಶ್ನೆಗೆ ತೀರಾ ಹತ್ತಿರದ್ದು. ವ್ಯಾಯಾಮದ ರೂಢಿಯಿಲ್ಲದ 32 ಜನ. ಅವರಲ್ಲಿ 18 ಮಂದಿ ತೆಳ್ಳಗಿದ್ದವರು, 14 ಮಂದಿ ಬೊಜ್ಜಿದ್ದವರು. ಆರು ವಾರ, ವಾರಕ್ಕೆ ಮೂರು ದಿನ, ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಏರೋಬಿಕ್ ವ್ಯಾಯಾಮ. ಆಮೇಲೆ ಆರು ವಾರ ಹಳೆಯ ಹಾಗೇ ಕೂತಿರುವುದು. ಊಟದ ರೂಢಿ ಬದಲಿಸಲಿಲ್ಲ.

ಅವರು ಅಳೆದು ನೋಡಿದವುಗಳಲ್ಲಿ ಒಂದು ಬ್ಯುಟಿರೇಟ್ ಎಂಬ ಆಮ್ಲ. ನಾವು ತಿಂದ ಕಾಳು, ಸೊಪ್ಪಿನ ನಾರು ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಈ ಆಮ್ಲ ಮಾಡುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಇದೇ ಮುಖ್ಯ ಆಹಾರ. ವ್ಯಾಯಾಮದಿಂದ ತೆಳ್ಳಗಿದ್ದವರಲ್ಲಿ ಬ್ಯುಟಿರೇಟ್ ಹೆಚ್ಚಿತು, ಬೊಜ್ಜಿದ್ದವರಲ್ಲಿ ಹಾಗೆ ಹೆಚ್ಚಲಿಲ್ಲ. ವ್ಯಾಯಾಮ ಬಿಟ್ಟ ಮೇಲೆ ಬದಲಾವಣೆಗಳು ಬಹುಮಟ್ಟಿಗೆ ಅಳಿಸಿಹೋದವು.

ಇಷ್ಟಕ್ಕೇ ನಿಲ್ಲಿಸಿದರೆ ನಿಮ್ಮ ಮಗಳ ಮಾತೇ ಸರಿ ಅನ್ನಿಸೀತು. ಆದರೆ ಆರು ವಾರ ಕಡಿಮೆ ಅವಧಿ. ಫಿನ್ಲೆಂಡಿನಲ್ಲಿ ತೂಕ ಹೆಚ್ಚಿದ್ದ ಮಹಿಳೆಯರು ಅಷ್ಟೇ ದಿನ ಸೈಕಲ್ ತುಳಿದಾಗ ಅಕ್ಕರ್‌ಮಾನ್ಸಿಯಾ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಹೆಚ್ಚಿದ್ದೂ ಕಂಡಿದೆ, ತೂಕ ಇಳಿಯದೆಯೇ.

ಇನ್ನೊಂದು ಮಾತು. ನಡಿಗೆಯ ಲಾಭ ಬ್ಯಾಕ್ಟೀರಿಯಾದ ಒಪ್ಪಿಗೆಗೆ ಕಾಯುತ್ತಾ ಕೂರುವುದಿಲ್ಲ. ಬೊಜ್ಜು ಹೆಚ್ಚಿದಾಗ ಮಾಂಸಖಂಡಗಳು ಇನ್ಸುಲಿನ್ನಿನ ಕರೆಗೆ ಸರಿಯಾಗಿ ಓಗೊಡುವುದಿಲ್ಲ. ಸಕ್ಕರೆ ರಕ್ತದಲ್ಲೇ ಸುತ್ತುತ್ತಿರುತ್ತದೆ. ನೀವು ಬಿರುಸಾಗಿ ಹೆಜ್ಜೆ ಹಾಕುವಾಗ ತೊಡೆಯ, ಮೀನಖಂಡದ ಸ್ನಾಯುಗಳು ಇನ್ಸುಲಿನ್ ಕರೆಯದಿದ್ದರೂ ತಾವಾಗಿಯೇ ಬಾಗಿಲು ತೆರೆದು ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತವೆ. ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೂ ಒಂದೆರಡು ದಿನ ಇನ್ಸುಲಿನ್ ಹೇಳಿದ್ದನ್ನು ಚೆನ್ನಾಗಿ ಕೇಳುತ್ತವೆ. ವ್ಯಾಯಾಮದ ನಡುವೆ ಎರಡು ದಿನಕ್ಕಿಂತ ಹೆಚ್ಚು ಬಿಡುವು ಬೇಡ ಎನ್ನುವುದು ಅದಕ್ಕೇ. ಪಿತ್ತಜನಕಾಂಗದಲ್ಲಿ ಕೂತ ಕೊಬ್ಬಂತೂ ತೂಕ ಇಳಿಯದಿದ್ದರೂ ಕರಗಬಲ್ಲದು. ತೂಕದ ಯಂತ್ರ ಇದ್ಯಾವುದನ್ನೂ ತೋರಿಸುವುದಿಲ್ಲ. ನಾಲ್ಕು ತಿಂಗಳ ನಿಮ್ಮ ಶ್ರಮವನ್ನು ಅದೊಂದರ ಕೈಗೆ ಕೊಟ್ಟಿದ್ದೀರಲ್ಲ ಎಂದು ನನಗೆ ಸಂಕಟವಾಯಿತು.

ಟೈಲರ್ ಟೇಪು ತೆಗೆದುಕೊಳ್ಳಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟಾಗ ಸುತ್ತಳತೆ ನೋಡಿ ಬರೆದಿಡಿ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್ ಒಳಗಿದ್ದರೆ ಒಳ್ಳೆಯದು. ಜೊತೆಗೆ ಬೆಳಗಿನ ಖಾಲಿ ಹೊಟ್ಟೆಯ ಶುಗರ್, ಟ್ರೈಗ್ಲಿಸರೈಡ್, ಬಿಪಿ – ಇವನ್ನು ಹಳೆಯ ರಿಪೋರ್ಟಿನ ಪಕ್ಕ ಇಟ್ಟು ನೋಡಿ.

ಬ್ಯಾಕ್ಟೀರಿಯಾದ ಹೊಟ್ಟೆ ತುಂಬಿಸುವ ಕೆಲಸ ಮಾತ್ರ ಅಡುಗೆಮನೆಯದು. ನಾರಿಲ್ಲದಿದ್ದರೆ ಅವು ಬ್ಯುಟಿರೇಟ್ ಮಾಡುವುದು ಯಾವುದರಿಂದ? ನಿಮ್ಮ ಊರಿನವರಿಗೆ ಅವರೆಕಾಳಿನ ಸಾರು, ರಾಗಿಮುದ್ದೆ, ಹುರುಳಿಕಾಳು, ಸೊಪ್ಪಿನ ಪಲ್ಯಗಳನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ಮುದ್ದೆಯ ಗಾತ್ರ ಕೊಂಚ ಇಳಿಸಿ, ಕಾಳು–ಸೊಪ್ಪು ಏರಿಸಿ.

ನನ್ನ ತಾಯಿ ರಾತ್ರಿ ತಟ್ಟೆ ತೊಳೆದಿಟ್ಟವರೇ, ಸೆರಗು ಸಿಕ್ಕಿಸಿಕೊಂಡು ವಠಾರದ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದರು. ಯಾರಾದರೂ ಮಾತಿಗೆ ಸಿಕ್ಕರೂ ನಿಲ್ಲದೆ, ನಡೆಯುತ್ತಲೇ ಉತ್ತರ ಕೊಡುವರು. ಊಟವಾದ ಮೇಲಿನ ಹದಿನೈದು ನಿಮಿಷದ ನಡಿಗೆ ರಕ್ತದ ಸಕ್ಕರೆ ಏರುವುದನ್ನು ತಗ್ಗಿಸುತ್ತದೆ ಎಂಬುದು ಈಗ ಅಳೆದು ನೋಡಿದ ಸಂಗತಿ. ನಿಮ್ಮ ಮುಕ್ಕಾಲು ಗಂಟೆಯ ಜೊತೆಗೆ ಇದನ್ನೂ ಸೇರಿಸಿಕೊಳ್ಳಿ. ಮಗಳನ್ನೂ ಕರೆದುಕೊಂಡು ಹೋಗಿ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ನಡಿಗೆ ಹೆಚ್ಚಿಸುವ ಮೊದಲು ನಿಮ್ಮ ವೈದ್ಯರಿಗೆ ಒಂದು ಮಾತು ಹೇಳಿ. ಔಷಧಿಯ ಪ್ರಮಾಣ ಇಳಿಸಬೇಕಾಗಿ ಬರಬಹುದು.