ಬೈಕಿಗೆ ಸೈಡ್ ಬ್ಯಾಗ್: ಕೊಳ್ಳುವ ಮೊದಲು, ಹಾಕಿಸುವಾಗ



ಈ ತಿಂಗಳ ಪಾಠ ಬೈಕಿನ ಚೀಲದ ಬಗ್ಗೆ ಅಂದಾಗ ಒಕ್ಕೂಟದ ಸಭೆಯಲ್ಲಿ ಒಬ್ಬರು ಕೇಳಿಯೇ ಬಿಟ್ಟರು: "ಸಿಸ್ಟರ್, ಅದು ಗಂಡಸರ ವಿಷಯ ಅಲ್ವಾ?" ಬೈಕು ಮನೆಯವರದ್ದು ಇರಬಹುದು. ಆದರೆ ಚೀಲ ಕೊಳ್ಳಲು ಸಾಲ ಕೊಟ್ಟದ್ದು ಸಂಘ, ಚೀಲದಲ್ಲಿ ಹೋಗುವ ಹಪ್ಪಳ, ಉಪ್ಪಿನಕಾಯಿ, ಫಿನಾಯಿಲ್ ನಿಮ್ಮದು, ಹಿಂದಿನ ಸೀಟಿನಲ್ಲಿ ಕೂರುವವರೂ ಹೆಚ್ಚಾಗಿ ನೀವೇ. ಹಾಗಾಗಿ ಇದು ನಮ್ಮದೇ ವಿಷಯ.

ಇದನ್ನು ಈಗಲೇ ಬರೆಯಲು ಕಾರಣವಿದೆ. ಸಂಘದ ಒಬ್ಬ ಸದಸ್ಯೆ ಆಂತರಿಕ ಸಾಲ ಪಡೆದು ಮಗನ ಬೈಕಿಗೆ ಎರಡೂ ಕಡೆ ರೆಕ್ಸಿನ್ ಬ್ಯಾಗ್ ಹಾಕಿಸಿದರು. ಎಡಗಡೆಯ ಬ್ಯಾಗ್ ಸರಿಯಾಗಿ ಕೂರುತ್ತಿಲ್ಲವೆಂದು ಅಂಗಡಿಯ ಹುಡುಗ ಸಾರಿ ಗಾರ್ಡನ್ನು ಬಿಚ್ಚಿ ಮೂಲೆಗಿಟ್ಟ. ಮಗನೂ ಬೇಡವೆನ್ನಲಿಲ್ಲ. ಮೂರನೇ ವಾರ ಸಂತೆಯಿಂದ ಬರುವಾಗ ತಿರುವಿನಲ್ಲಿ ಅವರ ಸೆರಗು ಚಕ್ರಕ್ಕೆ ಸಿಕ್ಕಿತು. ಬೈಕು ನಿಧಾನಕ್ಕಿದ್ದುದರಿಂದ ಭುಜದ ಮೂಳೆ ಮುರಿದಷ್ಟಕ್ಕೆ ಮುಗಿಯಿತು. ಆ ಸಾಲದ ಅರ್ಜಿಯನ್ನು ನಾವೇ ನೋಡಿದ್ದೆವು. ಬಿಲ್ ಇದೆಯೇ ಅಂತ ಕೇಳಿದೆವು, ಕಂತು ಎಷ್ಟು ಅಂತ ಕೇಳಿದೆವು. ಬ್ಯಾಗ್ ಹೇಗೆ ಕೂರಿಸಿದ್ದಾರೆ ಅಂತ ಕೇಳಲೇ ಇಲ್ಲ. ಆ ತಪ್ಪು ನಮ್ಮದು.

ಸಾರಿ ಗಾರ್ಡ್ ಬೇಕಾದರೆ ಇಟ್ಟುಕೊಳ್ಳುವ, ಬೇಡದಿದ್ದರೆ ಬಿಡುವ ವಸ್ತುವಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದಲ್ಲಿ, ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಗದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗಕ್ಕೆ ರಕ್ಷಣೆ ಇರಬೇಕು ಎಂದಿದೆ. ಕೈಹಿಡಿ ಮತ್ತು ಕಾಲಿಡುವ ಫುಟ್‌ರೆಸ್ಟ್ ಕೂಡ ಅದೇ ನಿಯಮದಲ್ಲಿ ಬರುತ್ತವೆ. ಆದ್ದರಿಂದ "ಬ್ಯಾಗ್ ಇದೆಯಲ್ಲ, ಅದೇ ಸೀರೆಗೆ ಅಡ್ಡ ಆಗುತ್ತೆ" ಅಂತ ಅಂಗಡಿಯವರು ಹೇಳಿದರೆ ಒಪ್ಪಬೇಡಿ. ಖಾಲಿ ಬ್ಯಾಗ್ ಮಡಚಿಕೊಳ್ಳುತ್ತದೆ, ಗಾಳಿಗೆ ಹಾರುತ್ತದೆ. ಒಂದೊಂದು ಸಲ ಬ್ಯಾಗಿನ ಪಟ್ಟಿಯೇ ಸ್ಪೋಕ್ಸಿಗೆ ಸಿಕ್ಕಿ ಚಕ್ರ ಕಚ್ಚಿಕೊಳ್ಳುತ್ತದೆ.

ಹಿಂದಿನ ಕಾಲದಲ್ಲಿ ಲಂಬಾಣಿ ಜನರು ಎತ್ತುಗಳ ಬೆನ್ನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ದಾಟುತ್ತಿದ್ದರು. ಹೇರೆತ್ತಿನ ಎರಡು ಪಕ್ಕದ ಚೀಲವೂ ಸಮತೂಕ ಇರಲೇಬೇಕಿತ್ತು. ಒಂದು ಕಡೆ ಜಾಸ್ತಿಯಾದರೆ ಹೇರು ಜಾರುತ್ತದೆ, ಎತ್ತಿನ ಬೆನ್ನು ಹುಣ್ಣಾಗುತ್ತದೆ. ಬೈಕಿಗೂ ಅದೇ ಲೆಕ್ಕ. ಆದರೆ ಎತ್ತು ನಿಂತುಬಿಟ್ಟು ತನ್ನ ಕಷ್ಟ ತಿಳಿಸುತ್ತದೆ, ಬೈಕು ತಿಳಿಸುವುದಿಲ್ಲ.

ಬ್ಯಾಗ್ ಆರಿಸುವ ಮೊದಲು ತೂಕದ ಲೆಕ್ಕ ಮಾಡಿ. ಬೈಕಿನ ಜೊತೆ ಕೊಟ್ಟ ಪುಸ್ತಕದಲ್ಲಿ ಎಷ್ಟು ಭಾರ ಹೊರಬಹುದು ಅಂತ ಬರೆದಿರುತ್ತದೆ. 100 ಸಿಸಿ ಬೈಕುಗಳಲ್ಲಿ ಅದು ಸಾಮಾನ್ಯವಾಗಿ 130 ಕೆ.ಜಿ. ಆಸುಪಾಸು. ಇದು ಬರೀ ಸಾಮಾನಿನ ತೂಕವಲ್ಲ, ಓಡಿಸುವವರೂ ಹಿಂದೆ ಕೂತವರೂ ಅದರಲ್ಲೇ ಸೇರಿದರು. ಮನೆಯವರು 65 ಕೆ.ಜಿ., ನೀವು 55 ಕೆ.ಜಿ. ಇದ್ದರೆ ಅಲ್ಲಿಗೇ 120 ಆಯಿತು. ಉಳಿದದ್ದು 10 ಕೆ.ಜಿ. ಒಂದು ಲೀಟರಿನ ಫಿನಾಯಿಲ್ ಬಾಟಲಿ ಹೆಚ್ಚುಕಡಿಮೆ ಒಂದು ಕೆ.ಜಿ. ತೂಗುತ್ತದೆ. ಇಪ್ಪತ್ತು ಬಾಟಲಿ, ಅದರ ಮೇಲೆ ಕಬ್ಬಿಣದ ಫ್ರೇಮಿನ ತೂಕ! ಇಬ್ಬರೂ ಕೂತು ಅಷ್ಟು ಒಯ್ಯುವ ಹಾಗೇ ಇಲ್ಲ. ಒಂದೋ ಮನೆಯವರು ಒಬ್ಬರೇ ಸಾಮಾನು ಒಯ್ಯಲಿ, ನೀವು ಬಸ್ಸಿನಲ್ಲಿ ಹೋಗಿ. ಇಲ್ಲವೇ ಮೂರ್ನಾಲ್ಕು ಸಂಘದವರು ಸೇರಿ ಸಂತೆ ದಿನ ಒಂದು ಗೂಡ್ಸ್ ಆಟೋ ಮಾಡಿ. ಎಷ್ಟೋ ಸಂಘಗಳಿಗೆ ಬ್ಯಾಗಿಗಿಂತ ಇದೇ ಅಗ್ಗವಾಗಬಹುದು, ಕೂತು ಲೆಕ್ಕ ಹಾಕಿ ನೋಡಿ.

ಇನ್ನು ಹೆಂಗಸರೇ ಗಮನಿಸಬೇಕಾದ ಮಾತು. ಸೀರೆ ಉಟ್ಟು ಒಂದೇ ಪಕ್ಕಕ್ಕೆ ಕಾಲು ಹಾಕಿ ಕೂರುವವರಿಗೆ ಎಡಗಡೆಯ ಬ್ಯಾಗ್ ಆಗಿಬರುವುದಿಲ್ಲ. ಬ್ಯಾಗ್ ನಿಮ್ಮ ಕಾಲನ್ನು ಹೊರಗೆ ದೂಡುತ್ತದೆ, ಪಾದ ಫುಟ್‌ರೆಸ್ಟಿಗೆ ಎಟಕುವುದಿಲ್ಲ, ಹಂಪ್ ಬಂದರೆ ಜಾರುತ್ತೀರಿ. ಎಡಗಡೆ ತೆಗೆದು ಬಲಗಡೆ ಮಾತ್ರ ಹಾಕಿದರೆ ಬೈಕು ವಾಲುತ್ತದೆ. ನಮ್ಮ ಅಭಿಪ್ರಾಯ ಇಷ್ಟು: ನೀವು ಹಿಂದೆ ಕೂರುವುದೇ ಜಾಸ್ತಿಯಾದರೆ ಸೈಡ್ ಬ್ಯಾಗ್ ಬಿಡಿ, ಸೀಟಿನ ಹಿಂದೆ ಕ್ಯಾರಿಯರ್ ಹಾಕಿಸಿ ಒಂದು ಸಣ್ಣ ಪೆಟ್ಟಿಗೆ ಕೂರಿಸಿ. ಅದರಲ್ಲಿ ಹಪ್ಪಳ, ಸಂಡಿಗೆಯಂಥ ಹಗುರದ ಸಾಮಾನು ಮಾತ್ರ ಇಡಿ. ಹಿಂದೆ ಭಾರ ಜಾಸ್ತಿಯಾದರೆ ಮುಂದಿನ ಚಕ್ರ ಹಗುರವಾಗಿ ಹ್ಯಾಂಡಲ್ ಅಲ್ಲಾಡುತ್ತದೆ. ಪೆಟ್ಟಿಗೆಗೆ 2020ರಲ್ಲಿ ಕೇಂದ್ರ ಸರಕಾರ ಅಳತೆ ಗೊತ್ತುಮಾಡಿದೆ: ಉದ್ದ 550, ಅಗಲ 510, ಎತ್ತರ 500 ಮಿಲಿಮೀಟರ್ ಮೀರಬಾರದು. ಪೆಟ್ಟಿಗೆಯನ್ನು ಹಿಂದಿನವರು ಕೂರುವ ಜಾಗದಲ್ಲೇ ಇಟ್ಟರೆ ಓಡಿಸುವವರು ಒಬ್ಬರೇ ಹೋಗಬೇಕು.

ಮನೆಯವರು ಅಥವಾ ಮಗ ಒಬ್ಬರೇ ಓಡಾಡುವುದಾದರೆ ಸೈಡ್ ಬ್ಯಾಗ್ ಒಳ್ಳೆಯದೇ, ಭಾರ ಕೆಳಗೆ ಇರುತ್ತದೆ. ಬಾಟಲಿಗೆ, ಡಬ್ಬಕ್ಕೆ ತಳ ಗಟ್ಟಿಯಿರುವ ಕ್ಯಾನ್ವಾಸ್ ಬ್ಯಾಗ್ ಅಥವಾ ಫೈಬರ್ ಪೆಟ್ಟಿಗೆ ತೆಗೆದುಕೊಳ್ಳಿ. ಮೆತ್ತನೆಯ ಬ್ಯಾಗನ್ನು ಬರೀ ಸೀಟಿನ ಮೇಲೆ ಪಟ್ಟಿ ಹಾಯಿಸಿ ನೇತುಹಾಕಬಾರದು, ಒಳಗಡೆ ಕಬ್ಬಿಣದ ಫ್ರೇಮ್ ಬೇಕು. ಹೆಚ್ಚಿನ ಬೈಕುಗಳಲ್ಲಿ ಸೈಲೆನ್ಸರ್ ಬಲಗಡೆ ಇರುವುದರಿಂದ ಆ ಕಡೆಯ ಬ್ಯಾಗ್ ಅದಕ್ಕೆ ತಾಗದಂತೆ ನೋಡಬೇಕು. ರೆಕ್ಸಿನ್ ಕರಗುತ್ತದೆ, ಉಪ್ಪಿನಕಾಯಿ ಪ್ಯಾಕೆಟ್ಟೂ ಬಿಸಿಯಾಗುತ್ತದೆ. "ವಾಟರ್‌ಪ್ರೂಫ್" ಅಂತ ಬರೆದದ್ದನ್ನು ನಂಬಿ ಮಳೆಗೆ ಬಿಡಬೇಡಿ, ಹೊಲಿಗೆಯ ತೂತಿನಿಂದ ನೀರು ಒಳಗೆ ಬರುತ್ತದೆ. ಒಳಗೊಂದು ದಪ್ಪ ಪ್ಲಾಸ್ಟಿಕ್ ಚೀಲ ಇರಲಿ.

ಹಾಕಿಸುವ ದಿನ ನೀವೂ ಅಂಗಡಿಗೆ ಹೋಗಿ. ಸಾಮಾನು ತುಂಬಿದ ಚೀಲಗಳನ್ನೂ ಜೊತೆಗೆ ಒಯ್ಯಿರಿ. ಖಾಲಿ ಬ್ಯಾಗ್ ಎಲ್ಲಾ ಬೈಕಿಗೂ ಚಂದವಾಗಿಯೇ ಕೂರುತ್ತದೆ! ಫ್ರೇಮನ್ನು ಬೈಕಿನ ಚಾಸಿಗೆ ವೆಲ್ಡಿಂಗ್ ಮಾಡಿಸಬೇಡಿ, ತೂತು ಕೊರೆಯಲೂ ಬಿಡಬೇಡಿ. ಮೊದಲೇ ಇರುವ ಬೋಲ್ಟುಗಳ ಜಾಗದಲ್ಲೇ ಕೂರಿಸಬೇಕು. ನಡುವೆ ಪಟ್ಟಿ ಬಂದಾಗ ಹಳೆಯ ಬೋಲ್ಟ್ ಗಿಡ್ಡವಾಗುತ್ತದೆ, ನಟ್ ಅರ್ಧಕ್ಕೇ ಹಿಡಿದಿರುತ್ತದೆ. ನಟ್ಟಿನಿಂದಾಚೆಗೆ ಎರಡು ಸುತ್ತು ಮರೆ ಕಾಣದಿದ್ದರೆ ಉದ್ದದ ಬೋಲ್ಟ್ ಹಾಕಿ ಅಂತ ಹೇಳಿ.

ಆಮೇಲೆ ತುಂಬಿದ ಬ್ಯಾಗಿನೊಂದಿಗೆ ಬೈಕಿನ ಮೇಲೆ ಕೂತು ಎರಡು ಮೂರು ಸಲ ಜೋರಾಗಿ ಒತ್ತಲು ಹೇಳಿ, ನೀವು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿ. ಹಳ್ಳ ಸಿಕ್ಕಾಗ ಚಕ್ರ ಮೇಲೆ ಬರುತ್ತದೆ. ಆಗಲೂ ಬ್ಯಾಗಿಗೂ ಚಕ್ರಕ್ಕೂ, ಚೈನಿಗೂ ನಡುವೆ ನಾಲ್ಕು ಬೆರಳು ಜಾಗ ಉಳಿಯಬೇಕು. ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ನಿಂತರೆ ಹಿಂದಿನ ದೀಪ, ಎರಡೂ ಇಂಡಿಕೇಟರ್, ನಂಬರ್ ಪ್ಲೇಟ್ ಕಾಣಬೇಕು. ಕಿಕ್ಕರ್ ಹೊಡೆಯುವಾಗ ಕಾಲು ಬ್ಯಾಗಿಗೆ ತಾಗಬಾರದು. ಪಟ್ಟಿಯ ಉಳಿದ ತುದಿಯನ್ನು ನೇತಾಡಲು ಬಿಡದೆ ಮಡಚಿ ಹೊಲಿಸಿಬಿಡಿ, ನಿಮ್ಮಲ್ಲಿ ಟೈಲರಿಂಗ್ ಕಲಿತವರು ಇದ್ದೇ ಇದ್ದಾರೆ.

ಸಾಮಾನು ತುಂಬುವಾಗ ಮೇನ್ ಸ್ಟ್ಯಾಂಡ್ ಹಾಕಿ, ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ ತುಂಬಿ. ಇಳಿಸುವಾಗಲೂ ಹಾಗೆಯೇ. ಭಾರದ ಬಾಟಲಿ ತಳಕ್ಕೆ, ಸೀಟಿನ ಕಡೆಗೆ ಬರಲಿ. ಹಿಂಚಕ್ರದ ಗಾಳಿ ಭಾರಕ್ಕೆ ತಕ್ಕಂತೆ ಎಷ್ಟಿರಬೇಕೆಂದು ಅದೇ ಪುಸ್ತಕದಲ್ಲಿದೆ. ಮೊದಲ ವಾರ ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ, ಹೊಸ ಫ್ರೇಮ್ ಸಡಿಲವಾಗಿಯೇ ಆಗುತ್ತದೆ. ಭಾರವಿದ್ದಾಗ ಬ್ರೇಕ್ ಹಾಕಿದರೆ ಬೈಕು ದೂರ ಹೋಗಿ ನಿಲ್ಲುತ್ತದೆ ಎಂಬುದನ್ನು ಓಡಿಸುವವರಿಗೆ ಹೇಳಿ. ನೀವು ಹೇಳಿದರೆ ಕೇಳಲಿಕ್ಕಿಲ್ಲ, ಈ ಪುಟವನ್ನೇ ಓದಲು ಕೊಡಿ.

ಆ ಸದಸ್ಯೆ ಈಗ ಮತ್ತೆ ಸಂತೆಗೆ ಹೋಗುತ್ತಿದ್ದಾರೆ. ಮಗ ಅಂಗಡಿಯ ಮೂಲೆಯಲ್ಲಿ ಹುಡುಕಿ ಹಳೆಯ ಸಾರಿ ಗಾರ್ಡನ್ನೇ ತಂದು ಹಾಕಿಸಿದ. ಅವರ ಸಂಘದವರು ಒಂದು ಠರಾವು ಮಾಡಿಕೊಂಡಿದ್ದಾರೆ: ಬ್ಯಾಗಿಗೆ, ಪೆಟ್ಟಿಗೆಗೆ ಸಾಲ ಕೇಳಿದವರು ಅದನ್ನು ಹಾಕಿಸಿದ ಮೇಲೆ ಬೈಕನ್ನು ವಾರದ ಸಭೆಗೆ ತರಿಸಬೇಕು, ಇಬ್ಬರು ಸದಸ್ಯೆಯರು ಸಾರಿ ಗಾರ್ಡ್ ಮುಟ್ಟಿ ನೋಡಿದ ನಂತರವೇ ಪುಸ್ತಕದಲ್ಲಿ ಸಹಿ. ನಿಮ್ಮ ಸಂಘದ ಮುಂದಿನ ಸಭೆಯಲ್ಲೂ ಇದನ್ನು ಚರ್ಚೆಗೆ ತೆಗೆದುಕೊಳ್ಳಿ. ಬರುವಾಗ ಪ್ರತಿಯೊಬ್ಬರೂ ಸಂತೆಗೆ ಒಯ್ಯುವ ತಮ್ಮ ಸಾಮಾನನ್ನು ರೇಷನ್ ಅಂಗಡಿಯ ತಕ್ಕಡಿಯಲ್ಲೋ ಹಾಲಿನ ಡೇರಿಯಲ್ಲೋ ತೂಗಿಸಿ, ತೂಕ ಬರೆದು ತನ್ನಿ.