ಕೀಬೋರ್ಡು ವಾದಕ ಸಂದೀಪ ಚೌಟ

ಭಜನೆಯ ಹಾರ್ಮೋನಿಯಂ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದುದು. ಅದರಲ್ಲಿ ಒಂದು ಕೈ ತಿದಿಯನ್ನೊತ್ತುತ್ತಿರಬೇಕು. ನುಡಿಸಲು ಉಳಿಯುವುದು ಇನ್ನೊಂದೇ ಕೈ. ವಿದ್ಯುತ್ ಕೀಬೋರ್ಡಿಗೆ ತಿದಿಯಿಲ್ಲ. ಎಡಗೈ ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ಹಿಡಿದಿರಲು, ಬಲಗೈ ಅವುಗಳ ಮೇಲೆ ರಾಗವನ್ನು ಬೆಳೆಸಬಲ್ಲುದು. ಹಾರ್ಮೋನಿಯಮ್ಮಿಗೆ ಇನ್ನೊಂದು ಕೊರತೆಯೂ ಉಂಟು: ಅದರಲ್ಲಿ ಗಮಕ ಬಾರದು. ಆಕಾಶವಾಣಿಯು 1940ರಲ್ಲಿ ಅದನ್ನು ದೂರವಿಟ್ಟುದು ಇದರಿಂದಲೇ. ಸಿಂಥಸೈಜರ್ ಎಂಬ ಹೊಸ ವಾದ್ಯದಲ್ಲಾದರೋ ಸ್ವರವನ್ನು ಜಾರಿಸಲು ಒಂದು ಪುಟ್ಟ ಗಾಲಿಯೇ ಇರುವುದು!

ನಮ್ಮ ಸಂಗೀತವು ಸ್ವರದ ಹಿಂದೆ ಸ್ವರವನ್ನಿಟ್ಟು ನಡೆಯುವುದು. ಅಮೆರಿಕದ ಜಾಝ್ ಸಂಗೀತವು ಸ್ವರದ ಮೇಲೆ ಸ್ವರವನ್ನಿಡುವುದು. 1969ರಲ್ಲಿ ಮೈಲ್ಸ್ ಡೇವಿಸ್ ಎಂಬ ಕಹಳೆಗಾರರು ಮೂವರು ಕೀಬೋರ್ಡು ವಾದಕರನ್ನು ಕೂಡಿಸಿಕೊಂಡು ಕೊಲಂಬಿಯಾ ಸಂಸ್ಥೆಗಾಗಿ ಒಂದು ರೆಕಾರ್ಡು ಮಾಡಿದರು. ಜಾಝಿನೊಡನೆ ಅನ್ಯಸಂಗೀತಗಳು ಬೆರೆಯುವ 'ಫ್ಯೂಷನ್' ಮಾರ್ಗವು ಆ ಕಾಲದಲ್ಲಿ ಬಲಗೊಂಡಿತು.

ಈ ಮಾರ್ಗದಲ್ಲಿ ನಡೆದ ನಮ್ಮವರೊಬ್ಬರು ಸಂದೀಪ ಚೌಟರು. ಇವರ ತಂದೆ ಡಿ. ಕೆ. ಚೌಟರು ಮಂಜೇಶ್ವರ ಸೀಮೆಯವರು, 'ಮಿತ್ತಬೈಲ್ ಯಮುನಕ್ಕ' ಎಂಬ ತುಳು ಕಾದಂಬರಿಯ ಕರ್ತೃ. ನಮ್ಮ ನಾರಾಯಣಖೇಡ, ಜಹೀರಾಬಾದುಗಳು ಬೀದರ ಜಿಲ್ಲೆಯಿಂದ ಬೇರ್ಪಟ್ಟ 1956ರಲ್ಲಿಯೇ ಆ ಸೀಮೆಯು ಕೇರಳಕ್ಕೆ ಸೇರಿತು. ಗಡಿಯವರ ಸಂಕಟ ಗಡಿಯವರಿಗೆ ಗೊತ್ತು. ಮಗ ಹುಟ್ಟಿದ್ದು ಆಫ್ರಿಕದ ಘಾನಾದಲ್ಲಿ. ಮನೆಮಾತು ತುಳು, ಮೊದಲ ಕೀರ್ತಿ ತಂದುದು 1996ರ 'ನಿನ್ನೇ ಪೆಳ್ಳಾಡತಾ' ಎಂಬ ತೆಲುಗು ಚಿತ್ರ, ಮುಂದೆ ಹಿಂದಿಯಲ್ಲಿಯೂ ಹೆಸರಾಯಿತು.

1998ರ 'ಸತ್ಯಾ' ಚಿತ್ರವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಅದರ ಹಾಡುಗಳು ವಿಶಾಲ್ ಭಾರದ್ವಾಜರವು; ಹಿನ್ನೆಲೆ ಸಂಗೀತ ಮಾತ್ರ ಚೌಟರದು. ಹಾಡನ್ನು ಜನ ಗುನುಗುತ್ತಾರೆ, ಹಿನ್ನೆಲೆಯನ್ನು ಯಾರೂ ಗುನುಗುವುದಿಲ್ಲ. ಆದರೂ ಪ್ರೇಕ್ಷಕನ ಎದೆಯಲ್ಲಿ ಭೀತಿಯನ್ನು ಮೂಡಿಸುವುದು ಬಹುಮಟ್ಟಿಗೆ ಅದೇ. ಆ ಕೆಲಸಕ್ಕೆ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ದೊರೆಯಿತು.

ರೆಕಾರ್ಡು ನಿರ್ಮಾಪಕನ ಕೆಲಸವೂ ಇಂತಹುದೇ. ಹಣ ಹಾಕುವವನೆಂದು ಹಲವರು ತಿಳಿದಿರುವರು, ಅದು ಸರಿಯಲ್ಲ. ಯಾವ ವಾದ್ಯ ಮುಂದೆ ಬರಬೇಕು, ಯಾವುದು ಹಿಂದೆ ಸರಿಯಬೇಕು, ಎಲ್ಲಿ ಮೌನವಿರಬೇಕು ಎಂಬುದನ್ನು ಗೊತ್ತುಮಾಡುವವನು ಅವನು. ಚೌಟರು ಕೊಲಂಬಿಯಾ ರೆಕಾರ್ಡ್ಸಿನ ಭಾರತ ವಿಭಾಗದ ಮುಖ್ಯಸ್ಥರೂ ಆಗಿದ್ದರು. 2013ರಲ್ಲಿ ಅವರು ಸಿನಿಮಾದ ಹಂಗಿಲ್ಲದೆ ಹೊರತಂದ 'ಮ್ಯಾಟರ್ಸ್ ಆಫ್ ದ ಹಾರ್ಟ್' ಫ್ಯೂಷನ್ ಸಂಗೀತದ್ದು. ಅವರ ಕೃತಿಗಳನ್ನು ಕೇಳಲೆಳಸುವ ವಿದ್ಯಾರ್ಥಿಯು ಮೊದಲು 'ಸತ್ಯಾ'ದ ಹಿನ್ನೆಲೆಯನ್ನು ಚಿತ್ರದೊಡನೆಯೇ ಕೇಳಿ, ಆಮೇಲೆ ಇದನ್ನು ಕಣ್ಣು ಮುಚ್ಚಿ ಕೇಳಲಿ.