ಬೆರಳ ತುದಿಯ ಬೇಸ್, ಬೀದಿಯವರ ನಿದ್ದೆ

ಗೇರ್ ಲಿವರಿನ ಪಕ್ಕದಲ್ಲೋ ಸ್ಟೀರಿಂಗ್ ಕೆಳಗಿನ ಪ್ಯಾನೆಲ್‌ನಲ್ಲೋ ಎರಡು ಸ್ಕ್ರೂ ಹಾಕಿ ಕೂರಿಸಿದ, ಬೆಂಕಿಪೊಟ್ಟಣದಷ್ಟು ಗಾತ್ರದ ಡಬ್ಬಿ. ಅದರ ಮುಖದಲ್ಲಿ ಒಂದೇ ಒಂದು ತಿರುಗಿಸುವ ಗುಂಡಿ. ಹಿಂದಿನಿಂದ ಹೊರಟ, ಹಳೆಯ ಲ್ಯಾಂಡ್‌ಲೈನ್ ಫೋನಿನ ಜಾತಿಯ ತೆಳುವಾದ ಕೇಬಲ್ ನೆಲದ ಮ್ಯಾಟ್ ಕೆಳಗೆ ನುಸುಳಿ ಡಿಕ್ಕಿಯಲ್ಲಿರುವ ಆಂಪ್ಲಿಫೈಯರನ್ನು ಸೇರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಾಲ್ಲೂಕು ಕೇಂದ್ರದ ಕಾರ್ ಡೆಕೋರ್ ಅಂಗಡಿಯವರೆಗೆ ಇದಕ್ಕೆ ಬೇಸ್ ನಾಬ್, ಬೇಸ್ ರಿಮೋಟ್ ಎಂದೇ ಹೆಸರು. ಹಾಡಿನ ಒಟ್ಟು ವಾಲ್ಯೂಮ್ ಮುಟ್ಟದೆ, ಡಿಕ್ಕಿಯ ಸಬ್‌ವೂಫರ್‌ನ ಗುಡುಗನ್ನು ಮಾತ್ರ ಏರಿಸುವುದು, ಇಳಿಸುವುದು ಇದರ ಕೆಲಸ.

ಈ ನಾಬ್‌ಗಳಲ್ಲಿ ಎರಡು ಬಗೆ. ಒಂದು ಬಗೆಯದು ಸಬ್‌ವೂಫರ್‌ಗೆ ಹೋಗುವ ಮಟ್ಟವನ್ನಷ್ಟೇ ನಿಯಂತ್ರಿಸುತ್ತದೆ. ಪೂರ್ತಿ ಬಲಕ್ಕೆ ತಿರುಗಿಸಿದರೂ ಆಂಪ್‌ನ ಮೇಲೆ ಮೆಕ್ಯಾನಿಕ್ ನಿಗದಿ ಮಾಡಿದ ಗೇನ್ ದಾಟುವುದಿಲ್ಲ. ಇನ್ನೊಂದು 'ಬೇಸ್ ಬೂಸ್ಟ್' ನಾಬ್. ಅದು ಸಾಮಾನ್ಯವಾಗಿ 45 ಹರ್ಟ್ಜ್ ಆಸುಪಾಸಿನ ಸ್ವರಗಳನ್ನು ಎತ್ತಿ ಕೊಡುತ್ತದೆ. 12 ಡೆಸಿಬೆಲ್ ಎತ್ತಿದರೆ ಆ ಸ್ವರಕ್ಕೆ ಆಂಪ್‌ನಿಂದ ಬೇಕಾಗುವ ಶಕ್ತಿ ಸುಮಾರು 16 ಪಟ್ಟು. ಕೊಳ್ಳುವ ಮೊದಲು ಇದು ಯಾವ ಬಗೆಯದೆಂದು ಅಂಗಡಿಯವರನ್ನು ಕೇಳಲೇಬೇಕು, ಏಕೆಂದರೆ ಮುಂದೆ ಬರುವ ಬಹುತೇಕ ತಕರಾರುಗಳ ಬೇರು ಇಲ್ಲಿದೆ.

ಗಾಜು ಏರಿಸಿದರೆ ಸದ್ದು ಒಳಗೇ ಉಳಿಯುತ್ತದೆ ಎಂಬುದು ಹಲವರ ನಂಬಿಕೆ. ಗಾಯಕನ ದನಿಗೆ ಅದು ತಕ್ಕಮಟ್ಟಿಗೆ ನಿಜ. ಬೇಸ್‌ಗೆ ಅಲ್ಲ. 50 ಹರ್ಟ್ಜ್ ಸದ್ದಿನ ಒಂದು ಅಲೆಯ ಉದ್ದ ಸುಮಾರು 7 ಮೀಟರ್, ಅಂದರೆ ಕಾರಿಗಿಂತಲೂ ಉದ್ದ. ತಗಡು, ಗಾಜು, ಮನೆಯ ಗೋಡೆ ಯಾವುದೂ ಅದನ್ನು ಸರಿಯಾಗಿ ತಡೆಯಲಾರವು. ಒಳಗೆ ಕೂತವರಿಗೆ ಹಾಡು ಕೇಳಿಸುತ್ತದೆ, ಬೀದಿಯಲ್ಲಿ ಮಲಗಿದವರಿಗೆ ಹಾಡಿಲ್ಲದ ಗುದ್ದು ಮಾತ್ರ. ಕಾನೂನಿನ ಪ್ರಶ್ನೆ ಹುಟ್ಟುವುದು ಆ ಗುದ್ದಿನಿಂದ.

ಪರಿಸರ ಸಂರಕ್ಷಣಾ ಕಾಯ್ದೆ, 1986ರ ಅಡಿ ಕೇಂದ್ರ ಸರ್ಕಾರ ರೂಪಿಸಿದ ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000 ಇಲ್ಲಿ ಮೊದಲ ಆಧಾರ. ಬೆಳಗ್ಗೆ 6ರಿಂದ ರಾತ್ರಿ 10 ಹಗಲು, ಉಳಿದದ್ದು ರಾತ್ರಿ. ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಮಿತಿ. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ಆಸ್ಪತ್ರೆ, ಶಾಲಾ ಕಾಲೇಜು, ನ್ಯಾಯಾಲಯಗಳ ಸುತ್ತಲಿನ ಘೋಷಿತ ನಿಶ್ಶಬ್ದ ವಲಯದಲ್ಲಿ 50 ಮತ್ತು 40. 2010ರಲ್ಲಿ ನಿಯಮ 5ಕ್ಕೆ ತಿದ್ದುಪಡಿಯಾಗಿ, ರಾತ್ರಿ ವೇಳೆ ಬಳಸಬಾರದವುಗಳ ಸಾಲಿಗೆ ಧ್ವನಿವರ್ಧಕದ ಜೊತೆ ಸದ್ದು ಮಾಡುವ ಸಾಧನ, ವಾದ್ಯ, ಆಂಪ್ಲಿಫೈಯರ್ ಕೂಡ ಸೇರಿದವು. ಖಾಸಗಿ ಜಾಗದಲ್ಲಿರುವ ಸ್ವಂತ ಸೌಂಡ್ ಸಿಸ್ಟಂ ಆದರೂ ಆ ಜಾಗದ ಗಡಿಯಲ್ಲಿ ಅಳೆದಾಗ ಆ ಪ್ರದೇಶದ ಮಿತಿಗಿಂತ 5 ಡೆಸಿಬೆಲ್‌ಗೂ ಹೆಚ್ಚು ಮೀರುವಂತಿಲ್ಲ. ಕಾಂಪೌಂಡಿನೊಳಗೆ ನಿಲ್ಲಿಸಿದ ಕಾರಿನಲ್ಲಿ ವೂಫರ್ ಪರೀಕ್ಷಿಸುವವರಿಗೆ ನೇರವಾಗಿ ತಗಲುವ ಮಾತಿದು.

ಮುಚ್ಚಿದ ಕಾರು 'ಮುಚ್ಚಿದ ಆವರಣ' ಅಲ್ಲವೇ, ಅದಕ್ಕೆ ವಿನಾಯಿತಿ ಇದೆಯಲ್ಲ ಎಂದು ವಾದಿಸುವವರಿದ್ದಾರೆ. ನಿಯಮ ಕೊಡುವ ಉದಾಹರಣೆಗಳು ಸಭಾಂಗಣ, ಸಮ್ಮೇಳನ ಕೊಠಡಿ, ಸಮುದಾಯ ಭವನ, ಔತಣಕೂಟದ ಹಾಲ್. ಅದೂ ಒಳಗಿನವರ ನಡುವಿನ ಸಂವಹನಕ್ಕೆ. ಅರ್ಧ ಬೀದಿಗೆ ಕೇಳಿಸುವ ಸಬ್‌ವೂಫರ್‌ಗೆ ಈ ವಿನಾಯಿತಿಯ ಆಸರೆ ಸಿಗುವುದು ಕಷ್ಟ.

ಈ ನಿಯಮಗಳಿಗೆ ಹಲ್ಲು ಬಂದದ್ದು 2005ರ ಜುಲೈ 18ರಂದು. ಅಂದು ಸುಪ್ರೀಂ ಕೋರ್ಟ್‌ನ ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಮತ್ತು ನ್ಯಾಯಮೂರ್ತಿ ಅಶೋಕ್ ಭಾನ್ ಅವರ ಪೀಠ, ನೆಮ್ಮದಿಯಿಂದ ಬದುಕುವ ಹಕ್ಕು ಸಂವಿಧಾನದ 21ನೇ ವಿಧಿಯೊಳಗೇ ಇದೆ, ಬೇಡದ ಸದ್ದನ್ನು ಯಾರೂ ಇನ್ನೊಬ್ಬರ ಕಿವಿಗೆ ತುರುಕುವಂತಿಲ್ಲ ಎಂದು ತೀರ್ಪು ನೀಡಿತು. ಆ ಪ್ರಕರಣದ ಹಿನ್ನೆಲೆ ಕರುಳು ಹಿಂಡುವಂಥದ್ದು. ಅತ್ಯಾಚಾರಕ್ಕೊಳಗಾದ 13 ವರ್ಷದ ಬಾಲಕಿಯ ಕೂಗು ನೆರೆಹೊರೆಯ ಧ್ವನಿವರ್ಧಕದ ಅಬ್ಬರದಲ್ಲಿ ಯಾರಿಗೂ ಕೇಳಿಸದೇ ಹೋಗಿತ್ತು. ಮಿತಿ ಮೀರಿದ ಧ್ವನಿವರ್ಧಕ, ಆಂಪ್ಲಿಫೈಯರ್‌ಗಳನ್ನು ಜಪ್ತಿ ಮಾಡಲು ವ್ಯವಸ್ಥೆ ಇರಬೇಕೆಂದು ನ್ಯಾಯಾಲಯ ರಾಜ್ಯಗಳಿಗೆ ನಿರ್ದೇಶಿಸಿದ್ದು ಇದೇ ತೀರ್ಪಿನಲ್ಲಿ.

ಇಷ್ಟೆಲ್ಲ ಇದ್ದೂ ಬೇಸ್ ವಿಷಯದಲ್ಲಿ ಒಂದು ದೊಡ್ಡ ಸಂದು ಉಳಿದಿದೆ. ದೂರು ಕೊಡುವವರು ಇದನ್ನು ತಿಳಿದಿರಲೇಬೇಕು.

ನಿಯಮದಲ್ಲಿ ಹೇಳಿರುವ ಡೆಸಿಬೆಲ್ 'ಎ' ಮಾನದ್ದು. ಮನುಷ್ಯನ ಕಿವಿಗೆ ಕೆಳಸ್ವರ ಮಂದವಾಗಿ ಕೇಳುವುದರಿಂದ, ಈ ಮಾನದಲ್ಲಿ ಮೀಟರ್ ಕೆಳಸ್ವರಗಳನ್ನು ಲೆಕ್ಕದಿಂದ ತಗ್ಗಿಸಿಬಿಡುತ್ತದೆ. 100 ಹರ್ಟ್ಜ್‌ನಲ್ಲಿ ಸುಮಾರು 19, 50 ಹರ್ಟ್ಜ್‌ನಲ್ಲಿ ಸುಮಾರು 30 ಡೆಸಿಬೆಲ್ ಕಡಿತ. ಕಿಟಕಿಯ ಬಳಿ 85 ಡೆಸಿಬೆಲ್‌ನ 50 ಹರ್ಟ್ಜ್ ಗುದ್ದು ಬರುತ್ತಿದ್ದರೆ ಮೀಟರ್ ತೋರಿಸುವುದು 55. ನಿಯಮ 7ರ ಪ್ರಕಾರ ದೂರು ಕೊಡಲು ಸದ್ದು ಮಿತಿಗಿಂತ 10 ಡೆಸಿಬೆಲ್ ಹೆಚ್ಚಿರಬೇಕು. ವಸತಿ ಪ್ರದೇಶದ ರಾತ್ರಿಗೆ ಆ ಗಡಿಯೂ 55. ಬೀರುವಿನ ಕನ್ನಡಿ ಅದುರುತ್ತಿದ್ದರೂ ಅಳತೆಯ ಕಾಗದದಲ್ಲಿ ದೂರು ಗಡಿರೇಖೆಯ ಮೇಲೆ ತೂಗಾಡುತ್ತದೆ. ಮಿತಿ ನಿಗದಿಯಾಗಿರುವುದು ಸರಾಸರಿ ಲೆಕ್ಕದಲ್ಲಾದ್ದರಿಂದ, ಹಾದುಹೋಗುವ ಕಾರಿನ ಅರ್ಧ ನಿಮಿಷದ ಅಬ್ಬರ ಸರಾಸರಿಯಲ್ಲಿ ಕರಗಿಯೂ ಹೋಗಬಹುದು. ಕಾನೂನಿನ ಈ ಕಿವುಡು ಸರಿಹೋಗಬೇಕು. ಕೆಳಸ್ವರವನ್ನು ಹೆಚ್ಚು ತಗ್ಗಿಸದ 'ಸಿ' ಮಾನದ ಮಿತಿಯೊಂದು ನಿಯಮದಲ್ಲಿ ಸೇರಬೇಕು.

ಅಲ್ಲಿಯವರೆಗೆ ನಾಗರಿಕರಿಗೆ ಬೇರೆ ದಾರಿಯಿದೆ. ಅದೇ ನಿಯಮ 7ರಲ್ಲಿ 2010ರ ತಿದ್ದುಪಡಿಯಿಂದ ಬಂದ ಒಂದು 'ಅಥವಾ' ಇದೆ: ರಾತ್ರಿಯ ನಿರ್ಬಂಧ ಉಲ್ಲಂಘನೆಯಾಗಿದ್ದರೆ ಅಷ್ಟಕ್ಕೇ ದೂರು ಕೊಡಬಹುದು. 10 ಡೆಸಿಬೆಲ್ ಹೆಚ್ಚಿದೆ ಎಂದು ತೋರಿಸಬೇಕಾಗಿಲ್ಲ. ಆದ್ದರಿಂದ ರಾತ್ರಿ 10ರ ನಂತರದ ಬೇಸ್ ಕಾಟಕ್ಕೆ ದೂರು ಬರೆಯುವಾಗ ಗಂಟೆ, ದಿನ, ಜಾಗ, ವಾಹನದ ನೋಂದಣಿ ಸಂಖ್ಯೆ, ಎಷ್ಟು ಹೊತ್ತು ನಡೆಯಿತು ಎಂಬುದು ಮೊದಲು ಬರಲಿ. ಮೊಬೈಲ್ ಆ್ಯಪ್ ತೋರಿಸಿದ ಡೆಸಿಬೆಲ್ ಆಮೇಲೆ. ನಿಶ್ಶಬ್ದ ವಲಯದಲ್ಲಾದರೆ ನಿಯಮ 6 ಇನ್ನೂ ನೇರ. ಅಲ್ಲಿ ಸಂಗೀತ ನುಡಿಸುವುದು, ಆಂಪ್ಲಿಫೈಯರ್ ಬಳಸುವುದೇ ದಂಡಾರ್ಹ.

ಸದ್ದು ನಡೆಯುತ್ತಿರುವಾಗಲೇ 112ಕ್ಕೆ ಕರೆ ಮಾಡುವುದು ಮೊದಲ ಹೆಜ್ಜೆ. ಆ ಕರೆಯ ಸಮಯ ದಾಖಲಾಗುವುದರಿಂದ ಮುಂದೆ ಅದೂ ಸಾಕ್ಷ್ಯವಾಗುತ್ತದೆ. ಕಾಟ ಮುಂದುವರಿದರೆ ಲಿಖಿತ ದೂರು. ನಿಯಮಗಳ ಪ್ರಕಾರ 'ಪ್ರಾಧಿಕಾರ' ಎಂದರೆ ಜಿಲ್ಲಾ ಮ್ಯಾಜಿಸ್ಟ್ರೇಟ್, ಪೊಲೀಸ್ ಕಮಿಷನರ್ ಅಥವಾ ಡಿವೈಎಸ್ಪಿ ದರ್ಜೆಗಿಂತ ಕಡಿಮೆಯಿಲ್ಲದ ಗೊತ್ತುಪಡಿಸಿದ ಅಧಿಕಾರಿ. ಠಾಣೆಗೆ ಕೊಟ್ಟ ದೂರಿನ ಪ್ರತಿಯೊಂದನ್ನು ಅವರಿಗೂ ಕಳಿಸಬೇಕು. ಸದ್ದನ್ನು ನಿಲ್ಲಿಸಲು, ನಿಯಂತ್ರಿಸಲು ಲಿಖಿತ ಆದೇಶ ಹೊರಡಿಸುವ ಅಧಿಕಾರವನ್ನು ನಿಯಮ 8 ಅವರಿಗೆ ಕೊಟ್ಟಿದೆ. ಆದೇಶ ಯಾರ ಮೇಲೆ ಹೊರಟಿತೋ ಅವರಿಗೂ ಅದನ್ನು ರದ್ದುಪಡಿಸಿ ಎಂದು ಅರ್ಜಿ ಕೊಟ್ಟು ತಮ್ಮ ಮಾತು ಹೇಳಿಕೊಳ್ಳುವ ಹಕ್ಕಿದೆ. ವಿಡಿಯೊ ಮಾಡಿದ್ದರೆ ಮೂಲ ಫೈಲನ್ನು ಅಳಿಸಬಾರದು. ನ್ಯಾಯಾಲಯಕ್ಕೆ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63ರ ಪ್ರಮಾಣಪತ್ರ ಬೇಕಾಗುತ್ತದೆ.

ಭಾರತೀಯ ನ್ಯಾಯ ಸಂಹಿತೆಯ ಕಲಂ 270 ಸಾರ್ವಜನಿಕ ಉಪದ್ರವವನ್ನು ವಿವರಿಸುತ್ತದೆ, ಕಲಂ 292 ಅದಕ್ಕೆ 1,000 ರೂಪಾಯಿವರೆಗೆ ದಂಡ ಹೇಳುತ್ತದೆ. ಮೊತ್ತ ಸಣ್ಣದು. ಪೊಲೀಸರು ತಾವಾಗಿ ತನಿಖೆ ಮಾಡಲಾಗದ ಅಸಂಜ್ಞೇಯ ಅಪರಾಧವೂ ಹೌದು. ಆದರೆ ನಿಲ್ಲಿಸಿ ಎಂಬ ಆದೇಶ ಬಂದ ಮೇಲೂ ಮುಂದುವರಿಸಿದರೆ ಕಲಂ 293ರಂತೆ 6 ತಿಂಗಳವರೆಗೆ ಸಾದಾ ಸೆರೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಪರಿಸರ ಸಂರಕ್ಷಣಾ ಕಾಯ್ದೆಯ ಕಲಂ 15ರಲ್ಲಿ ಮೊದಲು 5 ವರ್ಷದವರೆಗಿನ ಜೈಲು ಇತ್ತು. 2023ರ ಜನವಿಶ್ವಾಸ್ ಕಾಯ್ದೆ ಅದನ್ನು ತೆಗೆದು 10,000ದಿಂದ 15 ಲಕ್ಷ ರೂಪಾಯಿವರೆಗಿನ ದಂಡವಾಗಿ ಬದಲಿಸಿತು. 2024ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ದೂರಿನ ಮೇಲೆ ಏನಾಯಿತೆಂದು ತಿಂಗಳುಗಟ್ಟಲೆ ಉತ್ತರ ಬಾರದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಬಹುದು, 30 ದಿನದೊಳಗೆ ಉತ್ತರಿಸಬೇಕು.

ಬೇರೆ ದೇಶಗಳಲ್ಲಿಯೂ ಈ ತಕರಾರು ಸುಲಭವಾಗಿ ಬಗೆಹರಿದಿಲ್ಲ. ಅಮೆರಿಕದ ಫ್ಲಾರಿಡಾ ರಾಜ್ಯ ಮೀಟರಿನ ಗೊಡವೆಯೇ ಬೇಡವೆಂದು, ಕಾರಿನ ಸಂಗೀತ 25 ಅಡಿ ದೂರಕ್ಕೆ ಸ್ಪಷ್ಟವಾಗಿ ಕೇಳಿಸಿದರೆ ಅಪರಾಧ ಎಂದು ಕಾಯ್ದೆ ಮಾಡಿತ್ತು. ವ್ಯಾಪಾರ ಮತ್ತು ರಾಜಕೀಯ ಪ್ರಚಾರದ ವಾಹನಗಳಿಗೆ ಮಾತ್ರ ಅದರಲ್ಲಿ ವಿನಾಯಿತಿ. ಒಬ್ಬರಿಗೆ ಒಂದು ನ್ಯಾಯ, ಇನ್ನೊಬ್ಬರಿಗೆ ಮತ್ತೊಂದು ಎಂಬಂತಿದ್ದ ಆ ಕಾಯ್ದೆ ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಆ ರಾಜ್ಯದ ಸುಪ್ರೀಂ ಕೋರ್ಟ್ 2012ರ ಡಿಸೆಂಬರ್‌ನಲ್ಲಿ ರದ್ದುಮಾಡಿತು.

ಇನ್ನು ಕಾರಿನವರ ಹಕ್ಕುಗಳು. ಮ್ಯೂಸಿಕ್ ಸಿಸ್ಟಂ ಹಾಕಿಸಿಕೊಳ್ಳುವುದೇ ಅಪರಾಧವಲ್ಲ. ಮೋಟಾರು ವಾಹನ ಕಾಯ್ದೆಯ ಕಲಂ 52 ತಡೆಯುವುದು ವಾಹನದ ಮೂಲ ಸ್ವರೂಪ ಬದಲಾಗುವಂಥ ಮಾರ್ಪಾಡನ್ನು. ಸೀಟಿನ ಕೆಳಗೊಂದು ಆಂಪ್, ಡಿಕ್ಕಿಯಲ್ಲೊಂದು ಪೆಟ್ಟಿಗೆ ಈ ಲೆಕ್ಕಕ್ಕೆ ಬರುವುದು ಕಷ್ಟ. ಆದರೆ ಹಿಂದಿನ ಸೀಟು ಕಿತ್ತು ಅಲ್ಲಿ ವೂಫರ್ ಕೂರಿಸಿದರೆ ಆರ್‌ಸಿಯಲ್ಲಿರುವ ಆಸನಗಳ ಸಂಖ್ಯೆ ಸುಳ್ಳಾಗುತ್ತದೆ. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾದ ಮಾರ್ಪಾಡಿಗೆ ಅವಕಾಶವಿಲ್ಲವೆಂದು 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರ ಮೇಲೆ 6 ತಿಂಗಳವರೆಗೆ ಸೆರೆ ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಬೀಳಬಹುದು.

ಪೊಲೀಸರು ತಡೆದಾಗ ದಾಖಲೆ ತೋರಿಸುವುದು ಚಾಲಕರ ಕರ್ತವ್ಯ, ಡಿಜಿಲಾಕರ್ ಪ್ರತಿಯೂ ನಡೆಯುತ್ತದೆ. ಯಾವ ಕಲಂ ಅಡಿ ದಂಡ ಎಂದು ಕೇಳುವುದು, ರಸೀದಿ ಪಡೆಯುವುದು, ಒಪ್ಪದಿದ್ದರೆ ಸ್ಥಳದಲ್ಲಿ ದಂಡ ಕಟ್ಟದೆ ನ್ಯಾಯಾಲಯಕ್ಕೆ ಹೋಗುವುದು ಚಾಲಕರ ಹಕ್ಕು. ಆಂಪ್ಲಿಫೈಯರ್ ಜಪ್ತಿಯಾದರೆ ಜಪ್ತಿ ಪಟ್ಟಿಯ ಪ್ರತಿ ಕೇಳಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 105ರ ಪ್ರಕಾರ ಶೋಧ, ಜಪ್ತಿಯ ಪ್ರಕ್ರಿಯೆಯನ್ನು ವಿಡಿಯೊದಲ್ಲಿ ದಾಖಲಿಸಬೇಕು. ಸಾಮಾನು ಬಿಡಿಸಿಕೊಳ್ಳಲು ಕಲಂ 503ರಂತೆ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಬಹುದು.

ಬೇಸ್ ಜೋರಾಗಿದ್ದಾಗ ಆಂಬುಲೆನ್ಸ್ ಸೈರನ್ ಕಿವಿಗೆ ತಡವಾಗಿ ಬೀಳುತ್ತದೆ, ಕೆಲವೊಮ್ಮೆ ಬೀಳುವುದೇ ಇಲ್ಲ. ದಾರಿ ಬಿಡದಿದ್ದರೆ ಮೋಟಾರು ವಾಹನ ಕಾಯ್ದೆಯ ಕಲಂ 194ಇ ಪ್ರಕಾರ 6 ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಕೇಳಿಸಲಿಲ್ಲ ಎಂಬ ಸಬೂಬು, ಕೇಳಿಸದಂತೆ ಮಾಡಿಕೊಂಡವರನ್ನು ಉಳಿಸುವುದಿಲ್ಲ.

ಅಂಗಡಿಯವರ ಜೊತೆಗಿನ ವ್ಯವಹಾರದಲ್ಲಿ ಬಿಲ್ಲೇ ಮುಖ್ಯ. ನಾಬ್, ಆಂಪ್, ವೈರಿಂಗ್ ಕೂಲಿ ಮೂರೂ ಬಿಲ್ಲಿನಲ್ಲಿ ಬೇರೆಬೇರೆಯಾಗಿ ಇರಲಿ. ವಿದೇಶಿ ಮಾಲಾದರೆ ಪೆಟ್ಟಿಗೆಯ ಮೇಲೆ ಆಮದುದಾರರ ಹೆಸರು ವಿಳಾಸ, ಎಂಆರ್‌ಪಿ, ತಯಾರಾದ ದೇಶ ಇರಲೇಬೇಕು. ಬ್ಯಾಟರಿಯಿಂದ ಹೊರಡುವ ದಪ್ಪ ವೈರಿಗೆ, ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕದೆ ಬಿಟ್ಟದ್ದರಿಂದ ವೈರು ಸುಟ್ಟರೆ ಅದು ಸೇವಾ ನ್ಯೂನತೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿ ಎರಡು ವರ್ಷದೊಳಗೆ, ದೂರುದಾರರು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ಹೋಗಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಅದಕ್ಕೂ ಮೊದಲು 1915 ಸಹಾಯವಾಣಿಗೆ ಕರೆ ಮಾಡಿ ನೋಡಬಹುದು. ಕಾರ್ ಡೀಲರ್ 'ಹೊರಗೆ ಸಿಸ್ಟಂ ಹಾಕಿಸಿದ್ದೀರಿ, ವಾರಂಟಿ ಹೋಯಿತು' ಎಂದರೆ ವಾರಂಟಿಯ ಯಾವ ಷರತ್ತಿನಂತೆ ಎಂದು ಬರಹದಲ್ಲಿ ಕೇಳಬೇಕು. ವೈರಿಂಗಿಗೆ ಸಂಬಂಧವೇ ಇಲ್ಲದ ಭಾಗಕ್ಕೂ ವಾರಂಟಿ ನಿರಾಕರಿಸಿದರೆ ಅದನ್ನು ಆಯೋಗದಲ್ಲಿ ಪ್ರಶ್ನಿಸಬಹುದು.

ವಿಮೆಯ ಮಾತು ಇಷ್ಟೇ. ಕಾರು ಕಂಪನಿಯಿಂದ ಬಾರದ ಸಿಸ್ಟಂನ ಬೆಲೆಯನ್ನು ಪಾಲಿಸಿಯಲ್ಲಿ 'ಎಲೆಕ್ಟ್ರಿಕಲ್ ಆಕ್ಸೆಸರೀಸ್' ಎಂದು ಘೋಷಿಸಿ ಹೆಚ್ಚುವರಿ ಪ್ರೀಮಿಯಂ ಕಟ್ಟಬೇಕು. ಘೋಷಿಸದ ಸಾಮಾನು ಕಳುವಾದರೆ ಪರಿಹಾರ ಸಿಗುವುದು ಅನುಮಾನ.

ಹೊಸದಾಗಿ ನಾಬ್ ಹಾಕಿಸುವವರು ಅಂಗಡಿ ಬಿಡುವ ಮೊದಲು ಒಂದು ಕೆಲಸ ಮಾಡಿಸಿಕೊಳ್ಳಲಿ. ನಾಬನ್ನು ಪೂರ್ತಿ ಬಲಕ್ಕೆ ತಿರುಗಿಸಿ, ಆ ಸ್ಥಿತಿಯಲ್ಲಿ ಆಂಪ್‌ನ ಗೇನ್ ಅನ್ನು ಸದ್ದು ಒಡೆಯದ ಮಟ್ಟಕ್ಕೆ ನಿಗದಿ ಮಾಡಿಸಿ, ಬೂಸ್ಟನ್ನು ಸೊನ್ನೆಗೆ ಇಳಿಸಿ. ಬಳಿಕ ಕಾರಿನ ಬಾಗಿಲು ಮುಚ್ಚಿ, ಹೊರಗೆ ಹತ್ತು ಹೆಜ್ಜೆ ದೂರ ನಿಂತು ಕೇಳಿ, ಗುದ್ದು ಕಿವಿಗೆ ಬೀಳದ ಮಟ್ಟ ಯಾವುದೆಂದು ನಾಬ್ ಮೇಲೆ ಗುರುತು ಹಾಕಿಸಿ. ರಾತ್ರಿ 10ರ ನಂತರ, ಆಸ್ಪತ್ರೆ ಶಾಲೆಗಳ ಮುಂದೆ, ನಾಬ್ ಆ ಗುರುತಿನ ಕೆಳಗೇ ಇರಲಿ. ತೊಂದರೆಗೊಳಗಾದವರು ದೂರಿನ ಎರಡು ಪ್ರತಿ ಒಯ್ದು, ಒಂದರ ಮೇಲೆ ಠಾಣೆಯ ಸೀಲು, ಸಹಿ, ದಿನಾಂಕ ಹಾಕಿಸಿಕೊಂಡೇ ಮನೆಗೆ ಬರಲಿ.